ಕೂಗದ ಕುಕ್ಕರಿನಲ್ಲಿ ಅನ್ನ ಯಾಕೆ ಗಂಜಿಯಾಗುತ್ತದೆ?

ಓದುಗರ ಪ್ರಶ್ನೆ: "ಮೈಸೂರಿನಲ್ಲಿ ನಾವಿರುವುದು ಇಬ್ಬರೇ, ನಾನು ಮತ್ತು ನಮ್ಮ ಯಜಮಾನರು. ಎರಡು ಸಲ ಒಲೆ ಮೇಲೆ ಕುಕ್ಕರ್ ಇಟ್ಟು ಮರೆತು ತಳ ಸೀದು ಹೋಯಿತು. ಅದಕ್ಕೆ ಮಗಳು ಆರು ಲೀಟರಿನ ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರ್ ತಂದುಕೊಟ್ಟಿದ್ದಾಳೆ. ಪಾವು ಅಕ್ಕಿಗೆ ಎರಡೂವರೆ ಪಾವು ನೀರು, ಮೂರು ಕೂಗು. ನಲವತ್ತು ವರ್ಷದಿಂದ ಇದೇ ನನ್ನ ಲೆಕ್ಕ. ಹೊಸ ಕುಕ್ಕರಿಗೆ ಅದೇ ಅಳತೆ ಹಾಕಿದರೆ ಮೊದಲ ದಿನ ಅನ್ನ ಗಂಜಿಯಾಯಿತು. ಮಾರನೇ ದಿನ ನೀರು ತುಂಬಾ ಕಡಿಮೆ ಮಾಡಿದೆ. ತಳ ಹಿಡಿಯಿತು, ಮೇಲಿನ ಕಾಳು ಗಟ್ಟಿ ಉಳಿಯಿತು. ಮೂರನೇ ದಿನ ಬೀಪ್ ಬಂದ ತಕ್ಷಣ ವಾಲ್ವ್ ತಿರುಗಿಸಿದೆ, ಗಂಜಿ ನೊರೆ ಗೋಡೆಗೆಲ್ಲ ಚಿಮ್ಮಿತು. ಪಕ್ಕದ ಮನೆಯವರು 'ನಮ್ಮದೂ ಎಲೆಕ್ಟ್ರಿಕ್ ಕುಕ್ಕರ್ರೇ, ಒಂದಕ್ಕೆ ಎರಡು ನೀರು ಹಾಕಿದರೆ ಮಲ್ಲಿಗೆ ಹೂವಿನ ಹಾಗೆ ಆಗುತ್ತೆ' ಎನ್ನುತ್ತಾರೆ. ಕರೆಂಟಿನಲ್ಲಿ ಬೇಯಿಸಿದರೆ ಸತ್ವ ಹೋಗುತ್ತದೆ ಎಂದೂ ಅವರೇ ಹೇಳುತ್ತಾರೆ. ಯಜಮಾನರಿಗೆ ಸಕ್ಕರೆ ಕಾಯಿಲೆ ಇದೆ, ಗಂಜಿ ಬಸಿಯದ ಅನ್ನ ಅವರು ತಿನ್ನಬಹುದಾ? ಬೆಳಗ್ಗೆ ಮಾಡಿದ ಅನ್ನ ರಾತ್ರಿಯವರೆಗೂ ಅದರಲ್ಲೇ ಬಿಸಿ ಇಡಬಹುದಾ? ಕೂಗೇ ಇಲ್ಲದ ಕುಕ್ಕರಿನ ಮುಂದೆ ನಿಂತರೆ ಒಳಗೆ ಏನಾಗುತ್ತಿದೆಯೋ ಎಂಬ ಭಯ ಬೇರೆ. ಹಳೇ ಕುಕ್ಕರಿಗೇ ವಾಪಸ್ ಹೋಗಲಾ?"

ಉತ್ತರ: ಅಡುಗೆ ಉಪಕರಣಗಳನ್ನು ಪರೀಕ್ಷಿಸುವ ಕಿಚನ್‌ನಲ್ಲಿ ನಾನು ಬಹಳ ವರ್ಷ ಕೆಲಸ ಮಾಡಿದ್ದೇನೆ. ಆದರೂ ಈ ಬಗೆಯ ಕುಕ್ಕರ್ ಮನೆಗೆ ತಂದ ದಿನ ನಾನೂ ಬಡಿಸಿದ್ದು ಗಂಜಿಯನ್ನೇ. ಕೈ ತನ್ನ ಪಾಡಿಗೆ ಹಳೇ ಅಳತೆ ಹಾಕಿಬಿಟ್ಟಿತ್ತು. ಹಾಗಾಗಿ ನಿಮ್ಮ ಕೈಗುಣ ಕೆಟ್ಟಿಲ್ಲ, ಕುಕ್ಕರಿನಲ್ಲೂ ದೋಷವಿಲ್ಲ.

ನಿಮಗೆ ಮೂರು ದಿನ ಮೂರು ತೊಂದರೆ ಆಗಿದೆ. ಮೂರಕ್ಕೂ ಕಾರಣ ಬೇರೆ ಬೇರೆ. ನೀವು ಮೊದಲ ದಿನದ ತಪ್ಪು ತಿದ್ದಲು ಹೋಗಿ ಎರಡನೆಯದಕ್ಕೆ ಸಿಕ್ಕಿಕೊಂಡಿದ್ದೀರಿ, ಅಷ್ಟೇ.

ಮೊದಲು ಗಂಜಿಯ ವಿಷಯ. ನಿಮ್ಮ ಎರಡೂವರೆ ಪಾವು ನೀರೆಲ್ಲ ಅಕ್ಕಿಯೇ ಕುಡಿಯುತ್ತಿತ್ತು ಎಂದುಕೊಂಡಿದ್ದೀರಾ? ಇಲ್ಲ. ಅದರಲ್ಲಿ ಆವಿಗೂ ಒಂದು ಪಾಲಿತ್ತು. ಒಲೆ ಮೇಲಿನ ಕುಕ್ಕರ್ ಕೂಗುವುದು ಎಂದರೇನು? ಒಳಗೆ ಒತ್ತಡ ಜಾಸ್ತಿಯಾಗಿ ವೆಯ್ಟ್ ಮೇಲೆದ್ದು, ಒಂದಿಷ್ಟು ಆವಿ ಹೊರಗೆ ಹೋಗುವುದು. ಪ್ರತಿ ಕೂಗಿಗೂ ನೀರು ಹೋಗುತ್ತದೆ. ಕೂಗುವ ಮುಂಚೆ ಬುಸುಗುಡುವಾಗಲೂ ಹೋಗುತ್ತದೆ. ಒಮ್ಮೊಮ್ಮೆ ಗಂಜಿಯೇ ಉಕ್ಕಿ ಒಲೆಗೆ ಸುರಿಯುತ್ತದೆ. ಇಷ್ಟೆಲ್ಲ ಹೋದ ಮೇಲೂ ಅನ್ನ ಮೆತ್ತಗಾಗಲಿ ಎಂದು ನಮ್ಮ ಅಮ್ಮ, ಅಜ್ಜಿ ಕಂಡುಕೊಂಡ ಅಳತೆ ಅದು.

ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರ್ ಹಾಗೆ ಮಾಡುವುದಿಲ್ಲ. ಒಳಗಿನ ಒತ್ತಡ ಒಂದು ಮಟ್ಟಕ್ಕೆ ಬಂದ ಕೂಡಲೇ ಅದು ಹೀಟರ್ ಆಫ್ ಮಾಡುತ್ತದೆ, ಸ್ವಲ್ಪ ಇಳಿದರೆ ಮತ್ತೆ ಆನ್ ಮಾಡುತ್ತದೆ. ಆವಿ ಹೊರಗೆ ಬಿಡುವ ಅಗತ್ಯವೇ ಅದಕ್ಕೆ ಬರುವುದಿಲ್ಲ. ನಂಬಿಕೆ ಬಾರದಿದ್ದರೆ ನೀವೇ ನೋಡಿ. ಅಕ್ಕಿ ಹಾಕದೆ ಬರೀ ಮೂರು ಲೋಟ ನೀರು ಹಾಕಿ, ಐದು ನಿಮಿಷ ಪ್ರೆಶರ್ ಇಟ್ಟು, ತಾನಾಗಿ ಇಳಿದ ಮೇಲೆ ಅದೇ ಲೋಟದಲ್ಲಿ ಅಳೆಯಿರಿ. ಕಡಿಮೆಯಾಗಿರುವುದು ಕೆಲವೇ ಚಮಚ. ಹೊಸ ಕುಕ್ಕರ್ ತಂದವರೆಲ್ಲ ಮೊದಲು ಈ ನೀರಿನ ಪರೀಕ್ಷೆ ಮಾಡಬೇಕು. ರಬ್ಬರ್ ಸರಿಯಾಗಿ ಕೂತಿದೆಯಾ ಎಂಬುದೂ ಅದರಲ್ಲೇ ಗೊತ್ತಾಗುತ್ತದೆ.

ಅಂದರೆ ಆವಿಯ ಪಾಲನ್ನು ಅಳತೆಯಿಂದ ಕಳೆಯಬೇಕು. ಅಕ್ಕಿ ಬೇಯಲು ನಿಜಕ್ಕೂ ಬೇಕಾದ ನೀರು ಸುಮಾರು ಅದರಷ್ಟೇ ಅಳತೆಯದು. ಪಾವಿಗೆ ಪಾವು ಹಾಕಿದರೂ ಬೇಯುತ್ತದೆ, ಆದರೆ ಕಾಳು ಬಿಗಿಯಾಗಿರುತ್ತದೆ. ನಮಗೆ ಸಾರಿನ ಜೊತೆ ಕಲೆಸಿ ಉಣ್ಣುವ ಮೆತ್ತನೆ ಅನ್ನ ಬೇಕಲ್ವಾ? ಅದಕ್ಕೆ ಸೋನಾ ಮಸೂರಿಗೆ ಒಂದಕ್ಕೆ ಒಂದೂಮುಕ್ಕಾಲು ಹಾಕಿ. ಚಿತ್ರಾನ್ನ, ಪುಳಿಯೋಗರೆಗೆ ಒಂದೂವರೆ ಸಾಕು. ಮೊದಲ ದಿನ ನಿಮಗೆ ಆದ ಹದ ಇದೆಯಲ್ಲ, ಅದು ಮೊಸರನ್ನಕ್ಕೆ ಹೇಳಿ ಮಾಡಿಸಿದ್ದು.

ಇಲ್ಲೊಂದು ಸಣ್ಣ ಮೋಸವಿದೆ. ಪೆಟ್ಟಿಗೆಯ ಜೊತೆ ಒಂದು ಪ್ಲಾಸ್ಟಿಕ್ ಲೋಟ ಬಂದಿರುತ್ತದೆ. ಸಾಮಾನ್ಯವಾಗಿ ಅದು 180 ಮಿಲಿಲೀಟರಿನದು. ಜಪಾನಿನಲ್ಲಿ ಅಕ್ಕಿ ಅಳೆಯುವ 'ಗೋ' ಎಂಬ ಹಳೇ ಅಳತೆ ಅದು, ನಮ್ಮ ಪಾವಿನ ಹಾಗೆ. ಅಡುಗೆ ಪುಸ್ತಕಗಳಲ್ಲಿ ಬರುವ ಕಪ್ ಮಾತ್ರ 240 ಮಿಲಿಲೀಟರ್. ಅಕ್ಕಿಯನ್ನು ಆ ಲೋಟದಲ್ಲಿ, ನೀರನ್ನು ಈ ಕಪ್ಪಿನಲ್ಲಿ ಅಳೆದರೆ ನಿಮಗೇ ತಿಳಿಯದೆ ಮೂರನೇ ಒಂದು ಭಾಗ ನೀರು ಜಾಸ್ತಿ ಬೀಳುತ್ತದೆ. 'ಹೇಳಿದ ಅಳತೆಯಲ್ಲೇ ಹಾಕಿದೆ, ಆದರೂ ಮುದ್ದೆಯಾಯಿತು' ಎಂದು ಬಂದವರಲ್ಲಿ ಎಷ್ಟೋ ಜನ ಮಾಡಿದ್ದು ಇದನ್ನೇ. ನಿಮ್ಮ ಪಾವನ್ನೇ ಇಟ್ಟುಕೊಳ್ಳಿ. ಅಕ್ಕಿಗೂ ಅದೇ, ನೀರಿಗೂ ಅದೇ.

ಈಗ ಎರಡನೇ ದಿನ. ತಳ ಹಿಡಿದದ್ದು, ಮೇಲೆ ಕಾಳು ಗಟ್ಟಿ ಉಳಿದದ್ದು. ಇದಕ್ಕೆ ಕಾರಣ ನಿಮ್ಮ ಮನೆಯಲ್ಲಿ ಇರುವುದು ಇಬ್ಬರು, ಪಾತ್ರೆ ಇರುವುದು ಆರು ಲೀಟರ್! ಅಷ್ಟಗಲದ ತಳದಲ್ಲಿ ಒಂದು ಪಾವು ಅಕ್ಕಿ ಹರಡಿದರೆ ತೆಳ್ಳಗೆ ಒಂದು ಪದರ ಆಗುತ್ತದೆ. ಬಿಸಿ ಬರುವುದು ಕೆಳಗಿನ ತಟ್ಟೆಯಿಂದ. ಮುಚ್ಚಳದ ಸಣ್ಣ ಪಿನ್ ಮೇಲೆದ್ದು ಸೀಲ್ ಆಗುವವರೆಗೆ ಒಂದಷ್ಟು ಆವಿ ಹೊರಗೆ ಹೋಗಿಯೇ ಹೋಗುತ್ತದೆ. ಅಕ್ಕಿ ಒಂದು ಪಾವಿರಲಿ, ನಾಲ್ಕು ಪಾವಿರಲಿ, ಹೀಗೆ ಹೋಗುವ ನೀರಿನಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ನಾಲ್ಕು ಪಾವಿನಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ. ಒಂದು ಪಾವಿನಲ್ಲಿ, ಅದೂ ನೀವು ನೀರು ಕಡಿಮೆ ಮಾಡಿದ ದಿನ, ಅದೇ ದೊಡ್ಡ ಪಾಲು. ತಳ ಒಣಗಿತು, ಮೇಲಿನ ಕಾಳಿಗೆ ನೀರು ಮುಟ್ಟಲಿಲ್ಲ.

ಇದೇ ಲೆಕ್ಕ ತಿರುಗಿಸಿ ನೋಡಿದರೆ, ಹಬ್ಬದ ದಿನ ಜಾಸ್ತಿ ಅಕ್ಕಿ ಇಡುವಾಗ ನೀರನ್ನು ಅದೇ ಪ್ರಮಾಣದಲ್ಲಿ ಏರಿಸಬಾರದು. ನಾಲ್ಕು ಪಾವಿಗೆ ಏಳು ಪಾವು ಹಾಕುವ ಬದಲು ಆರೂವರೆ ಹಾಕಿ ನೋಡಿ.

ಇಬ್ಬರಿಗೆ ಅನ್ನ ಮಾಡುವುದಾದರೆ ನನ್ನ ಸಲಹೆ ಬೇರೆ. ದೊಡ್ಡ ಪಾತ್ರೆಗೆ ನೇರವಾಗಿ ಅಕ್ಕಿ ಹಾಕಬೇಡಿ. ಹಳೇ ಕುಕ್ಕರಿನಲ್ಲಿ ಒಂದರ ಮೇಲೊಂದು ಡಬ್ಬಿ ಇಟ್ಟು ಬೇಳೆ, ಅನ್ನ, ತರಕಾರಿ ಬೇಯಿಸುತ್ತಿದ್ದಿರಲ್ಲ, ಹಾಗೇ ಇಲ್ಲೂ ಮಾಡಿ. ತಳಕ್ಕೆ ಒಂದೂವರೆ ಕಪ್ ನೀರು ಹಾಕಿ. ಜೊತೆಗೆ ಬಂದ ಸ್ಟ್ಯಾಂಡ್ ಇಡಿ. ಅದರ ಮೇಲೆ ಸ್ಟೀಲ್ ಪಾತ್ರೆಯಲ್ಲಿ ಅಕ್ಕಿ, ನೀರು. ಮೇಲೊಂದು ತಟ್ಟೆ ಮುಚ್ಚಿ, ಇಲ್ಲದಿದ್ದರೆ ಮುಚ್ಚಳದ ಬೆವರೆಲ್ಲ ಅನ್ನಕ್ಕೆ ಬೀಳುತ್ತದೆ. ಪಾತ್ರೆಯೊಳಗಿನ ಪಾತ್ರೆಗೆ ಬಿಸಿ ತಟ್ಟಲು ಸ್ವಲ್ಪ ಹೊತ್ತು ಬೇಕು. ಅದಕ್ಕೆ ಹೈ ಪ್ರೆಶರ್‌ನಲ್ಲಿ ಎಂಟು ನಿಮಿಷ ಇಡಿ, ಆಮೇಲೆ ಹತ್ತು ನಿಮಿಷ ಸುಮ್ನೆ ಬಿಡಿ. ತೊಗರಿಬೇಳೆಯನ್ನು ಅರ್ಧ ಗಂಟೆ ನೆನೆಸಿ ಕೆಳಗಿನ ಡಬ್ಬಿಗೆ ಹಾಕಿದರೆ ಅದೂ ಜೊತೆಗೇ ಬೇಯುತ್ತದೆ. ಬೋರ್‌ವೆಲ್ಲಿನ ಗಡಸು ನೀರಾದರೆ ಬೇಳೆ ಸತಾಯಿಸುತ್ತದೆ, ಅದಕ್ಕೆ ಕುಡಿಯುವ ನೀರನ್ನೇ ಹಾಕಿ. ಹೀಗೆ ಮಾಡಿದರೆ ತಳ ಹಿಡಿಯುವ ಪ್ರಶ್ನೆಯೇ ಬರುವುದಿಲ್ಲ. ಒಂದೇ ತೊಂದರೆ, ಬಿಸಿ ಪಾತ್ರೆ ಆಳದಿಂದ ಮೇಲೆತ್ತುವುದು. ಇಕ್ಕಳ ಹಿಡಿಯುವಷ್ಟು ಜಾಗ ಸುತ್ತ ಇರುವ ಪಾತ್ರೆಯನ್ನೇ ಆರಿಸಿ.

ಮೂರನೇ ದಿನದ್ದು ಸ್ವಲ್ಪ ಅಪಾಯದ ವಿಷಯ, ನಿಧಾನವಾಗಿ ಹೇಳುತ್ತೇನೆ.

ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಸಮುದ್ರದ ಮಟ್ಟದಲ್ಲಿ ಅದು ಸರಿ. ಮೈಸೂರು, ಬೆಂಗಳೂರಿನಂಥ ಎತ್ತರದ ಊರಿನಲ್ಲಿ 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಕುಕ್ಕರಿನೊಳಗೆ ಒತ್ತಡ ಇರುವುದರಿಂದ ಕುದಿಯುವ ಮಟ್ಟ ಮೇಲೇರುತ್ತದೆ. ಒಲೆ ಮೇಲಿನ ನಮ್ಮ ಕುಕ್ಕರಿನಲ್ಲಿ ಅದು 120ರ ಹತ್ತಿರ. ಎಲೆಕ್ಟ್ರಿಕ್‌ನಲ್ಲಿ ಒತ್ತಡ ಸ್ವಲ್ಪ ಕಡಿಮೆ, ಸಾಮಾನ್ಯವಾಗಿ 115ರ ಸುತ್ತಮುತ್ತ. ಈಗ ಬೀಪ್ ಬಂದ ಗಳಿಗೆಯಲ್ಲಿ ನೀವು ವಾಲ್ವ್ ತಿರುಗಿಸಿದಿರಿ. ಒಳಗಿನ ಒತ್ತಡ ಒಮ್ಮೆಲೇ ಬಿತ್ತು. 115 ಡಿಗ್ರಿಯ ಗಂಜಿ ಒತ್ತಡವಿಲ್ಲದ ಜಾಗದಲ್ಲಿ ಏನು ಮಾಡಬೇಕು? ತಳದಿಂದ ಮೇಲಿನವರೆಗೆ ಎಲ್ಲೆಡೆ ಒಟ್ಟಿಗೇ ಕುದಿಯುತ್ತದೆ. ಬರೀ ನೀರಾಗಿದ್ದರೆ ಆವಿ ಮಾತ್ರ ಬರುತ್ತಿತ್ತು. ಅಕ್ಕಿಯ ಪಿಷ್ಟ ಇರುವುದರಿಂದ ಹಾಲುಕ್ಕಿದ ಹಾಗೆ ನೊರೆ ಏರಿ ವಾಲ್ವಿನ ತೂತಿನಿಂದ ಗೋಡೆಗೆ ಹೊಡೆಯಿತು. ಕಾಳುಗಳೂ ಒಳಗೇ ಸಿಡಿದು ಬಾಯಿ ಬಿಡುತ್ತವೆ. ಅಂಟಂಟಾದ ಅನ್ನಕ್ಕೆ ಅರ್ಧ ಕಾರಣ ಈ ಆತುರವೇ.

ಬೀಪ್ ಬಂದ ಮೇಲೆ ಹತ್ತು ನಿಮಿಷ ಮುಟ್ಟಬೇಡಿ. ಗಡಿಯಾರ ನೋಡಿ ಬೇಕಾದರೆ. ಆ ಹತ್ತು ನಿಮಿಷ ಸುಮ್ನೆ ಕಾಯುವುದಲ್ಲ, ಅಡುಗೆಯ ಭಾಗವೇ. ಮೇಲೆ ಉಳಿದ ನೀರನ್ನು ಅನ್ನ ಒಳಗೆಳೆದುಕೊಂಡು ಅರಳುವುದು ಆಗಲೇ. ಹಿಂದೆ ಎಸರಿಟ್ಟು ಅನ್ನ ಮಾಡುತ್ತಿದ್ದವರು ಕೊನೆಗೆ ಬೆಂಕಿ ತೆಗೆದು, ಮುಚ್ಚಳ ಹಾಕಿ, ಕೆಂಡದ ಮೇಲೆ ಬಿಡುತ್ತಿದ್ದರಲ್ಲ, ಅದೇ ಕೆಲಸ. ಆಮೇಲೂ ಒತ್ತಡ ಉಳಿದಿದ್ದರೆ ಉದ್ದನೆಯ ಸೌಟಿನ ಹಿಡಿಯಿಂದ ವಾಲ್ವ್ ತಿರುಗಿಸಿ. ಮುಖ ದೂರವಿರಲಿ, ಕುಕ್ಕರಿನ ಮೇಲೆ ಗೋಡೆ ಕಪಾಟು ಇಲ್ಲದ ಜಾಗದಲ್ಲಿರಲಿ.

ನೊರೆ ಕಡಿಮೆಯಾಗಲು ಇನ್ನೆರಡು ಉಪಾಯ ಇವೆ. ಕಲಗಚ್ಚು ಬಿಳಿ ಕಳೆದು ತಿಳಿಯಾಗುವವರೆಗೆ, ಮೂರು ಸಲವಾದರೂ, ಅಕ್ಕಿ ತೊಳೆಯಿರಿ. ಅರ್ಧ ಚಮಚ ಎಣ್ಣೆ ಅಥವಾ ತುಪ್ಪ ಹಾಕಿ. ಮತ್ತೆ, ಅಕ್ಕಿ ನೀರು ಎರಡೂ ಸೇರಿ ಪಾತ್ರೆಯ ಅರ್ಧ ಗೆರೆ ದಾಟಬಾರದು. ಸಾರು, ಪಲ್ಯಕ್ಕೆ ಮೂರನೇ ಎರಡು ಭಾಗದವರೆಗೂ ತುಂಬಬಹುದು. ಉಬ್ಬುವ, ನೊರೆಯೇಳುವ ಅಕ್ಕಿ ಬೇಳೆಗೆ ಅರ್ಧವೇ ಮಿತಿ.

ಗೋಡೆ ಒರೆಸಿದ್ದೀರಿ, ಸರಿ. ಮುಚ್ಚಳ ಒರೆಸಿದ್ದೀರಾ? ಅದನ್ನು ತಿರುವಿ ಹಾಕಿ ನೋಡಿ. ಕಡಲೆಬೀಜದಷ್ಟು ಸಣ್ಣ ಒಂದು ಲೋಹದ ಪಿನ್ ಕಾಣುತ್ತದೆ. ಒತ್ತಡ ಏರಿದಾಗ ಮೇಲೇಳುವುದು, ಇಳಿದಾಗ ಬೀಳುವುದು ಅದೇ. ಅದರ ಪಕ್ಕದಲ್ಲಿ ಸ್ಟೀಲಿನ ಸಣ್ಣ ಜಾಲರಿ ಟೋಪಿ ಇರುತ್ತದೆ, ಒತ್ತಿ ಎಳೆದರೆ ಬರುತ್ತದೆ. ಮೊನ್ನೆ ಚಿಮ್ಮಿದ ಗಂಜಿ ಈಗ ಅಲ್ಲಿ ಒಣಗಿ ಗೋಂದಿನ ಹಾಗೆ ಕೂತಿರುತ್ತದೆ. ಆ ಟೋಪಿಯನ್ನೂ ಪಿನ್ನನ್ನೂ ಬಿಸಿನೀರಿನಲ್ಲಿ ನೆನೆಸಿ, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ. ಬೆರಳಿನಿಂದ ತಳ್ಳಿದರೆ ಪಿನ್ ಸಲೀಸಾಗಿ ಮೇಲೆ ಕೆಳಗೆ ಆಡಬೇಕು. ಇದೊಂದನ್ನು ಮರೆಯಬೇಡಿ. ಪಿನ್ ಅಂಟಿಕೊಂಡರೆ ಒತ್ತಡ ಇದೆಯೋ ಇಲ್ಲವೋ ನಿಮಗೆ ತಿಳಿಯುವುದಿಲ್ಲ.

ನಿಮ್ಮ ಭಯಕ್ಕೂ ಉತ್ತರ ಆ ಪಿನ್ನೇ. ಕೂಗಿನ ಬದಲು ಇಲ್ಲಿ ಕಣ್ಣಿಗೆ ಕೆಲಸ. ಪಿನ್ ಮೇಲಿದ್ದರೆ ಒಳಗೆ ಒತ್ತಡ ಇದೆ, ಮುಚ್ಚಳ ತಾನೇ ಲಾಕ್ ಆಗಿರುತ್ತದೆ. ಪಿನ್ ಬಿದ್ದ ಮೇಲೆ ಮುಚ್ಚಳ ಹಗುರವಾಗಿ ತಿರುಗುತ್ತದೆ. ತಿರುಗದಿದ್ದರೆ ಬಲ ಹಾಕಬೇಡಿ, ಕಾಯಿರಿ. ಒತ್ತಡ ಮಿತಿ ಮೀರಿದರೆ ಬಿಡುವ ದಾರಿಗಳು, ಬಿಸಿ ಅತಿಯಾದರೆ ಕರೆಂಟ್ ಕಡಿಯುವ ವ್ಯವಸ್ಥೆ ಎಲ್ಲ ಅದರಲ್ಲಿ ಇದೆ. ನಾನು ಕಂಡ ಅವಘಡಗಳಲ್ಲಿ ಹೆಚ್ಚಿನವು ಮುಚ್ಚಳವನ್ನು ಬಲವಂತದಿಂದ ತೆಗೆದದ್ದು, ಇಲ್ಲವೇ ಬಿಸಿ ಆವಿಗೆ ಕೈ ಕೊಟ್ಟದ್ದು.

ಹಾಗೆ ನೋಡಿದರೆ ಮೂರು ಕೂಗು ಎನ್ನುವುದು ಎಂದೂ ಸರಿಯಾದ ಅಳತೆ ಆಗಿರಲಿಲ್ಲ. ದೊಡ್ಡ ಉರಿಯಲ್ಲಿ ಮೂರು ಕೂಗು ಬೇಗ ಮುಗಿಯುತ್ತದೆ, ಸಣ್ಣ ಉರಿಯಲ್ಲಿ ಕಾಯಿಸುತ್ತದೆ. ಪಕ್ಕದ ಮನೆಯ ಮೂರು ಕೂಗು ನಿಮ್ಮ ಮೂರು ಕೂಗಿಗೆ ಸಮನಲ್ಲ. ನಿಮ್ಮ ಒಲೆ, ನಿಮ್ಮ ಕುಕ್ಕರ್, ನಿಮ್ಮ ಕಿವಿ ಮೂರೂ ಹೊಂದಿಕೊಂಡಿದ್ದವು, ಅದಕ್ಕೇ ನಡೆಯುತ್ತಿತ್ತು.

ಪಕ್ಕದ ಮನೆಯವರ ಮಾತಿಗೆ ಬರೋಣ. ಅವರ ಮನೆಯದು ಗಾಜಿನ ಮುಚ್ಚಳ ಇರುವ ಕುಕ್ಕರ್ರಾ ಎಂದು ಕೇಳಿ ನೋಡಿ. ಹೌದು ಎಂದರೆ ಅದು ಬರೀ ರೈಸ್ ಕುಕ್ಕರ್, ಪ್ರೆಶರ್ ಕುಕ್ಕರ್ ಅಲ್ಲ. ನಮ್ಮಲ್ಲಿ ಎರಡನ್ನೂ 'ಎಲೆಕ್ಟ್ರಿಕ್ ಕುಕ್ಕರ್' ಎಂದೇ ಕರೆದು ಅಳತೆ ಕಲಸಿಹೋಗಿದೆ. 1955ರಲ್ಲಿ ಜಪಾನಿನ ತೋಷಿಬಾ ಮಾರುಕಟ್ಟೆಗೆ ತಂದ ರೈಸ್ ಕುಕ್ಕರಿನ ವಂಶದ್ದು ಅದು. ಅದರ ಉಪಾಯ ಸರಳ. ಪಾತ್ರೆಯಲ್ಲಿ ನೀರು ಇರುವವರೆಗೆ ಬಿಸಿ 100 ದಾಟುವುದಿಲ್ಲ. ನೀರು ಪೂರ್ತಿ ಇಂಗಿದ ಕೂಡಲೇ ತಳ ಅದಕ್ಕಿಂತ ಬಿಸಿಯಾಗುತ್ತದೆ, ಟಕ್ ಎಂದು ಸ್ವಿಚ್ ಹಾರುತ್ತದೆ. ಮುಚ್ಚಳದ ತೂತಿನಿಂದ ಆವಿ ಧಾರಾಳವಾಗಿ ಹೋಗುವುದರಿಂದ ಅದಕ್ಕೆ ಎರಡರಷ್ಟು ನೀರು ಬೇಕೇ ಬೇಕು. ಅವರ ಅಳತೆ ಅವರ ಕುಕ್ಕರಿಗೆ ಸರಿ.

ನಿಮ್ಮ ಕುಕ್ಕರಿನ 'ರೈಸ್' ಬಟನ್ ಬಗ್ಗೆಯೂ ಹೇಳಬೇಕು. ಕಂಪನಿಗೊಂದು ಲೆಕ್ಕ ಅದರಲ್ಲಿ. ಕೆಲವದರಲ್ಲಿ ಕಡಿಮೆ ಒತ್ತಡ, ಹನ್ನೆರಡು ನಿಮಿಷ. ಇನ್ನು ಕೆಲವದರಲ್ಲಿ ಬೇರೆ. ನಾನಂತೂ ಅದನ್ನು ಒತ್ತುವುದಿಲ್ಲ. ಹೈ ಪ್ರೆಶರ್ ಹಾಕಿ ನಿಮಿಷ ನಾನೇ ಇಡುತ್ತೇನೆ. ಸೋನಾ ಮಸೂರಿಯನ್ನು ನೇರವಾಗಿ ಪಾತ್ರೆಗೆ ಹಾಕಿದರೆ ಐದಾರು ನಿಮಿಷ. ಪಲಾವಿಗೆ ಬಾಸ್ಮತಿ ಆದರೆ ಅರ್ಧ ಗಂಟೆ ನೆನೆಸಿ, ನೀರು ಬಸಿದು, ಒಂದಕ್ಕೆ ಒಂದೇ ನೀರು, ನಾಲ್ಕು ನಿಮಿಷ. ಪಲಾವಿನಲ್ಲಿ ಇನ್ನೊಂದು ತಕರಾರು ಬರುತ್ತದೆ. ಈರುಳ್ಳಿ ಮಸಾಲೆ ಹುರಿದು ಅದರ ಮೇಲೇ ಅಕ್ಕಿ ಹಾಕಿ ಮುಚ್ಚಿದರೆ ಅರ್ಧಕ್ಕೇ 'ಬರ್ನ್' ಎಂದು ತೋರಿಸಿ ನಿಂತುಬಿಡುತ್ತದೆ. ಹೆದರಬೇಡಿ. ತಳಕ್ಕೆ ಅಂಟಿದ ಮಸಾಲೆಯಿಂದ ಬಿಸಿ ಮೇಲೆ ಹೋಗದೆ ಅಲ್ಲೇ ಜಾಸ್ತಿಯಾಗಿರುತ್ತದೆ. ಹುರಿದಾದ ಮೇಲೆ ಕಾಲು ಲೋಟ ನೀರು ಹಾಕಿ, ಮರದ ಸೌಟಿನಲ್ಲಿ ತಳ ಕೆರೆದು ಬಿಡಿಸಿ, ಆಮೇಲೆ ಅಕ್ಕಿ ಹಾಕಿದರೆ ಆ ತಕರಾರಿಲ್ಲ. ಬಿಸಿಬೇಳೆ ಭಾತಿಗೂ ಇದೇ ಮಾತು. ಅದು ಗಟ್ಟಿಯಾದಷ್ಟೂ ತಳ ಹಿಡಿಯುತ್ತದೆ, ನೀರಾಗಿಯೇ ಬೇಯಿಸಿ ಕೊನೆಗೆ ಮುಚ್ಚಳ ತೆಗೆದು ಹದಕ್ಕೆ ತನ್ನಿ.

ಅಕ್ಕಿ ಹೊಸದೋ ಹಳೆಯದೋ ಎಂಬುದು ನಿಮಗೆ ನಾನು ಹೇಳಬೇಕಾಗಿಲ್ಲ. ಗಂಗಾವತಿ, ಸಿಂಧನೂರು ಕಡೆಯ ಒಂದು ವರ್ಷ ಹಳೇ ಅಕ್ಕಿ ನೀರು ಜಾಸ್ತಿ ಎಳೆಯುತ್ತದೆ, ಉದುರಾಗಿ ಅರಳುತ್ತದೆ. ಸುಗ್ಗಿ ಮುಗಿದು ಬಂದ ಹೊಸ ಅಕ್ಕಿಗೆ ಕಾಲು ಪಾವು ನೀರು ತೆಗೆದುಬಿಡಿ. ಹೊಸ ಮೂಟೆ ಬಿಚ್ಚಿದ ದಿನ ಒಂದೂವರೆಯಿಂದಲೇ ಶುರು ಮಾಡಿ, ಗಟ್ಟಿಯಾದರೆ ಮಾರನೇ ದಿನ ಏರಿಸಿ. ಅನ್ನ ಗಟ್ಟಿಯಾದರೆ ಮೇಲೆ ಬಿಸಿನೀರು ಚಿಮುಕಿಸಿ ಇನ್ನೆರಡು ನಿಮಿಷ ಇಡಬಹುದು. ಮುದ್ದೆಯಾದದ್ದನ್ನು ಹಿಂದಕ್ಕೆ ತರಲು ಆಗುವುದಿಲ್ಲ. ರೇಷನ್ ಅಕ್ಕಿಯಾದರೆ ತೊಳೆಯುವಾಗ ಕೆಲವು ಕಾಳು ಬಣ್ಣದಲ್ಲಿ ಬೇರೆ ಕಾಣಬಹುದು, ಕೆಲವು ತೇಲಬಹುದು. ಪ್ಲಾಸ್ಟಿಕ್ ಅಕ್ಕಿ ಎಂದು ಗುಲ್ಲೆದ್ದದ್ದು ಅದಕ್ಕೇ. ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಸೇರಿಸಿ ಅಕ್ಕಿಹಿಟ್ಟಿನಿಂದ ಮಾಡಿದ ಕಾಳು ಅವು, ನೂರಕ್ಕೆ ಒಂದರಂತೆ ಬೆರೆಸಿದ್ದು. ಆರಿಸಿ ಎಸೆಯಬೇಡಿ.

ಕರಾವಳಿಯ ನೆಂಟರು ಬಂದು ಕುಚ್ಚಲಕ್ಕಿ ಕೇಳಿದರೆ ಇದೇ ಕುಕ್ಕರ್ ಒಳ್ಳೆಯದು. ರಾತ್ರಿ ನೆನೆಸಿ, ನಾಲ್ಕರಷ್ಟು ನೀರು ಹಾಕಿ, ಇಪ್ಪತ್ತೈದು ನಿಮಿಷ ಇಟ್ಟು, ಒತ್ತಡ ಪೂರ್ತಿ ತಾನಾಗಿ ಇಳಿಯುವವರೆಗೆ ಬಿಡಿ. ಒಲೆ ಮುಂದೆ ಒಂದು ಗಂಟೆ ಕಾಯುವ ಕೆಲಸ ತಪ್ಪುತ್ತದೆ.

ಸತ್ವ ಹೋಗುತ್ತದಾ? ಕರೆಂಟಿಗೂ ಸತ್ವಕ್ಕೂ ಸಂಬಂಧವಿಲ್ಲ. ಗ್ಯಾಸ್ ಇರಲಿ, ಸೌದೆ ಇರಲಿ, ಕರೆಂಟ್ ಇರಲಿ, ಅಕ್ಕಿಗೆ ತಟ್ಟುವುದು ಬರೀ ಬಿಸಿ. ಅಕ್ಕಿಯಲ್ಲಿ ಕಳೆದುಹೋಗುವಂಥದ್ದು ಮುಖ್ಯವಾಗಿ ನೀರಿನಲ್ಲಿ ಕರಗುವ ಬಿ ವಿಟಮಿನ್‌ಗಳು. ಅವು ಮಿಲ್ಲಿನಲ್ಲಿ ಪಾಲಿಶ್ ಮಾಡುವಾಗಲೇ ಬಹುಪಾಲು ಹೋಗಿರುತ್ತವೆ. ಉಳಿದದ್ದರಲ್ಲಿ ಒಂದಿಷ್ಟು ತೊಳೆದ ನೀರಿನಲ್ಲಿ ಹೋಗುತ್ತದೆ, ಗಂಜಿ ಬಸಿದರೆ ಇನ್ನೊಂದಿಷ್ಟು. ಪ್ರೆಶರ್ ಕುಕ್ಕರಿನಲ್ಲಿ ಬಿಸಿ ಜಾಸ್ತಿ, ಆದರೆ ಹೊತ್ತು ಕಡಿಮೆ. ನೀರೂ ಅನ್ನದಲ್ಲೇ ಇಂಗುತ್ತದೆ. ಬಸಿಯುವ ಪದ್ಧತಿಗಿಂತ ಇದರಲ್ಲಿ ನಷ್ಟ ಕಡಿಮೆಯೇ.

ಇದು ಯಜಮಾನರ ಸಕ್ಕರೆಯ ಪ್ರಶ್ನೆಗೆ ಕರೆದೊಯ್ಯುತ್ತದೆ. ನಾನು ಡಾಕ್ಟರಲ್ಲ, ಅಡುಗೆಯ ಕಡೆಯಿಂದ ಗೊತ್ತಿರುವುದನ್ನು ಹೇಳುತ್ತೇನೆ. ಗಂಜಿ ಬಸಿದರೆ ಹೋಗುವುದು ಕಾಳಿನ ಮೇಲಿಂದ ಬಿಟ್ಟುಕೊಂಡ ಸ್ವಲ್ಪ ಪಿಷ್ಟ. ಕಾಳಿನೊಳಗೆ ಇರುವುದೂ ಪಿಷ್ಟವೇ, ಅದೆಲ್ಲೂ ಹೋಗಿರುವುದಿಲ್ಲ. ಒಣ ಅಕ್ಕಿಯ ತೂಕದಲ್ಲಿ ನೂರಕ್ಕೆ ಎಂಬತ್ತರ ಹತ್ತಿರ ಅದೇ. 'ಬಸಿದ ಅನ್ನದಲ್ಲಿ ಸಕ್ಕರೆ ಇಲ್ಲ' ಎಂದು ನಂಬಿ ಇನ್ನೊಂದು ಸೌಟು ಬಡಿಸಿಕೊಂಡರೆ ಬಸಿದದ್ದೂ ದಂಡ. ನನ್ನ ಅನುಭವದಲ್ಲಿ ನಡೆಯುವುದೇ ಹೀಗೆ. ಅನ್ನ ಗಂಜಿಯಷ್ಟು ಮೆತ್ತಗಾದರೆ ಬೇಗ ಜೀರ್ಣವಾಗುತ್ತದೆ, ಬೇಗ ರಕ್ತಕ್ಕೆ ಸೇರುತ್ತದೆ. ಆದ್ದರಿಂದ ಅವರ ಪಾಲಿಗೆ ಒಂದೂವರೆ ನೀರಿನ ಬಿಗಿ ಅನ್ನವೇ ವಾಸಿ. ಎಷ್ಟು ಸೌಟು ಎಂಬುದನ್ನು ಅವರ ಡಾಕ್ಟರು ಹೇಳಲಿ. ಪಕ್ಕದಲ್ಲಿ ಪಲ್ಯ, ಬೇಳೆ ಜಾಸ್ತಿ ಇರಲಿ. ಆದರೂ ಬಸಿದೇ ತಿನ್ನುವ ರೂಢಿ ಬಿಡಲಾಗದಿದ್ದರೆ ಮಾಡಬಹುದು. ನೀರು ಜಾಸ್ತಿ ಹಾಕಿ ಬೇಯಿಸಿ, ಒತ್ತಡ ತಾನಾಗಿ ಇಳಿದ ಮೇಲೆ ಬಸಿಯಿರಿ. ಭಾರದ ಒಳಪಾತ್ರೆಯನ್ನು ಬಿಸಿ ಗಂಜಿಯೊಡನೆ ಬಗ್ಗಿಸುವಾಗ ಕೈ ಸುಡುತ್ತದೆ. ಅದಕ್ಕಿಂತ ದೊಡ್ಡ ಜರಡಿಗೆ ಸೌಟಿನಲ್ಲಿ ತೆಗೆದು ಹಾಕಿ.

ಇನ್ನು ಬೆಳಗಿನ ಅನ್ನ ರಾತ್ರಿಯವರೆಗೆ ಇಡುವುದು. ಈ ಪ್ರಶ್ನೆಯನ್ನು ನೀವು ಕೊನೆಕೊನೆಗೆ ಕೇಳಿದ್ದೀರಿ. ನನಗೆ ಉಳಿದೆಲ್ಲಕ್ಕಿಂತ ಮುಖ್ಯ ಇದೇ.

ಹಸಿ ಅಕ್ಕಿಯಲ್ಲಿ ಬ್ಯಾಸಿಲಸ್ ಸಿರಿಯಸ್ ಎಂಬ ಬ್ಯಾಕ್ಟೀರಿಯಾ ಬೀಜದಂಥ ರೂಪದಲ್ಲಿ ಕೂತಿರುವುದು ಸಾಮಾನ್ಯ. ಆ ಬೀಜಗಳು ಗಟ್ಟಿ. ಕುದಿಸಿದರೂ ಕೆಲವು ಉಳಿಯುತ್ತವೆ, ಐದು ನಿಮಿಷದ ಪ್ರೆಶರ್‌ಗೆ ಎಲ್ಲ ಸಾಯುತ್ತವೆ ಎಂದು ನಂಬಲಾಗದು. ಅನ್ನ ಬಿಸಿಯಿದ್ದಾಗ ತೊಂದರೆಯಿಲ್ಲ. 60 ಡಿಗ್ರಿಗಿಂತ ಕೆಳಗಿಳಿದು ಉಗುರು ಬೆಚ್ಚಗೆ ಗಂಟೆಗಟ್ಟಲೆ ಉಳಿದಾಗ ಅವು ಮೊಳೆತು ಬೆಳೆಯುತ್ತವೆ. ಆಗ ಹುಟ್ಟುವ ಒಂದು ಬಗೆಯ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ವಾಸನೆಯೂ ಬರಬೇಕೆಂದಿಲ್ಲ. ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ.

ಕುಕ್ಕರಿನ 'ಕೀಪ್ ವಾರ್ಮ್' ಸಾಮಾನ್ಯವಾಗಿ 60 ಡಿಗ್ರಿಗಿಂತ ಮೇಲೇ ಇಡುತ್ತದೆ. ಅದು ನಡೆಯುತ್ತಿರುವವರೆಗೆ ಅಪಾಯವಿಲ್ಲ, ಅನ್ನ ಒಣಗಿ ಹಳದಿ ತಿರುಗುತ್ತದೆ ಅಷ್ಟೇ. ತೊಂದರೆ ಬರುವುದು ಕರೆಂಟ್ ಹೋದಾಗ. ಮಧ್ಯಾಹ್ನ ಎರಡು ಗಂಟೆ ಕರೆಂಟ್ ಇಲ್ಲದಿದ್ದು ಬಂದ ಮೇಲೆ ಎಷ್ಟೋ ಕುಕ್ಕರುಗಳು ಸುಮ್ನೆ ಆಫ್ ಆಗಿಯೇ ಇರುತ್ತವೆ. ದಪ್ಪ ಗೋಡೆಯ ಪಾತ್ರೆ, ಬಿಗಿ ಮುಚ್ಚಳ. ಒಳಗಿನ ಅನ್ನ ನಿಧಾನಕ್ಕೆ ಆರುತ್ತಾ ಬ್ಯಾಕ್ಟೀರಿಯಾಕ್ಕೆ ಬೇಕಾದ ಬೆಚ್ಚನೆ ಜಾಗವಾಗುತ್ತದೆ. ನೀವು ಮಲಗೆದ್ದು ನೋಡಿದರೆ ಮುಟ್ಟಲು ಇನ್ನೂ ಬೆಚ್ಚಗಿರುತ್ತದೆ, ಚೆನ್ನಾಗೇ ಇದೆ ಎನ್ನಿಸುತ್ತದೆ.

ಊಟ ಮುಗಿದ ಮೇಲೆ ಉಳಿದ ಅನ್ನವನ್ನು ಅಗಲವಾದ ತಟ್ಟೆಗೆ ಹರಡಿ. ಬಿಸಿ ಆರಿದ ಕೂಡಲೇ, ಒಂದು ಗಂಟೆಯೊಳಗೆ, ಫ್ರಿಜ್ಜಿಗೆ ಹಾಕಿ. ರಾತ್ರಿ ಹೊಗೆಯಾಡುವಷ್ಟು ಬಿಸಿ ಮಾಡಿ ಉಣ್ಣಿ. ಇಬ್ಬರೇ ಇರುವ ಮನೆಯಲ್ಲಿ ಇನ್ನೂ ಸುಲಭದ ದಾರಿ ಇದೆ. ಬೆಳಗ್ಗೆ ಮುಕ್ಕಾಲು ಪಾವು, ಸಂಜೆ ಅರ್ಧ ಪಾವು, ಎರಡು ಸಲ ಮಾಡಿ. ಒಂದು ಕಿಲೋವ್ಯಾಟಿನ ಹೀಟರ್ ಒತ್ತಡ ಏರುವವರೆಗೆ ಹತ್ತು ನಿಮಿಷ ಉರಿದು ಆಮೇಲೆ ಆಗಾಗ ಮಾತ್ರ ಉರಿಯುವುದರಿಂದ ಒಂದು ಸಲಕ್ಕೆ ಕಾಲು ಯೂನಿಟ್ ಆಸುಪಾಸು ಕರೆಂಟ್ ಸಾಕು.

ಮರೆವಿನ ಮಾತು ನೀವೇ ಬರೆದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಒಳಪಾತ್ರೆ ತೊಳೆಯಲು ತೆಗೆದಿಟ್ಟು, ಅದು ಇಲ್ಲದಿರುವುದನ್ನು ಗಮನಿಸದೆ ಅಕ್ಕಿ ನೀರನ್ನು ನೇರ ಹೊರಗಿನ ಡಬ್ಬಕ್ಕೆ ಸುರಿದವರು ಬಹಳ ಜನ. ಹೀಟರ್, ವೈರು ಎಲ್ಲ ಇರುವುದು ಅಲ್ಲೇ. ಹಾಗಾದರೆ ಪ್ಲಗ್ ಕಿತ್ತು, ಬಗ್ಗಿಸಿ ನೀರು ಚೆಲ್ಲಿ, ರಿಪೇರಿಯವರಿಗೆ ತೋರಿಸದೆ ಮತ್ತೆ ಹಾಕಬೇಡಿ. ತಪ್ಪಿಸಲು ಒಂದು ಉಪಾಯ ಹೇಳುತ್ತೇನೆ. ಒಳಪಾತ್ರೆ ಹೊರಗಿರುವಾಗ ಮುಚ್ಚಳದ ಬದಲು ಒಂದು ಮರದ ಸೌಟನ್ನು ಕುಕ್ಕರಿನ ಬಾಯಿಗೆ ಅಡ್ಡ ಇಟ್ಟಿರಿ. ನಮ್ಮ ಮನೆಯಲ್ಲಿ ನಡೆಯುವುದು ಹೀಗೇ. ಒಳಪಾತ್ರೆಯ ಹೊರತಳ ಒರೆಸಿ ಒಣಗಿಸಿಯೇ ಒಳಗಿಡಿ. ಮಿಕ್ಸಿ ಹಾಕಿದ ಎಕ್ಸ್‌ಟೆನ್ಷನ್ ಬಾಕ್ಸಿಗೆ ಇದನ್ನೂ ಸಿಕ್ಕಿಸಬೇಡಿ, ಗೋಡೆಯ ಪ್ಲಗ್ಗಿಗೇ ಹಾಕಿ.

ಹಳೇ ಕುಕ್ಕರಿಗೆ ವಾಪಸ್ ಹೋಗಬೇಕಾ ಎಂದು ಕೇಳಿದಿರಿ. ರುಚಿಗೋಸ್ಕರವಾದರೆ ಬೇಡ. ಹತ್ತು ದಿನ ಪಾತ್ರೆಯೊಳಗಿನ ಪಾತ್ರೆ ಮಾಡಿ ನೋಡಿ. ಆಮೇಲೂ ಮನಸ್ಸಿಗೆ ಒಗ್ಗದಿದ್ದರೆ ಅನ್ನಕ್ಕೆ ಹಳೆಯದು, ಬೇಳೆ ಕಾಳಿಗೆ ಹೊಸದು ಎಂದು ಹಂಚಿಕೊಳ್ಳುವುದರಲ್ಲಿ ತಪ್ಪೇನಿಲ್ಲ. ಆದರೆ ಮಗಳು ಇದನ್ನು ತಂದದ್ದು ಒಲೆ ಮರೆತದ್ದಕ್ಕೆ, ಅಲ್ವಾ? ಆ ಲೆಕ್ಕದಲ್ಲಿ ಇದು ವಾಸಿ. ನೀವು ದೇವರ ಮನೆಯಲ್ಲೋ ಫೋನಿನಲ್ಲೋ ಕೂತುಬಿಟ್ಟರೂ ಅದು ಬೇಯಿಸುವುದನ್ನು ತಾನೇ ನಿಲ್ಲಿಸುತ್ತದೆ. ಹಳೆಯದನ್ನು ಮೇಲೆ ಎತ್ತಿಡಿ, ಕೊಟ್ಟುಬಿಡಬೇಡಿ. ಕರೆಂಟ್ ಇಲ್ಲದ ದಿನಕ್ಕೆ ಬೇಕಾಗುತ್ತದೆ.

ಇನ್ನೊಂದು ತಿಂಗಳಲ್ಲಿ ನಿಮ್ಮಿಂದ ಮತ್ತೊಂದು ಪತ್ರ ಬರುತ್ತದೆ ಎಂದು ನನಗೆ ಗೊತ್ತು, ಅನ್ನವೆಲ್ಲ ಹುಳಿ ಹುಳಿ ವಾಸನೆ ಎಂದು. ಅದು ಮುಚ್ಚಳದ ರಬ್ಬರ್ ಹೀರಿಕೊಂಡ ಸಾಂಬಾರಿನ ವಾಸನೆ. ತೊಳೆದರೆ ಪೂರ್ತಿ ಹೋಗುವುದಿಲ್ಲ. ಇನ್ನೊಂದು ರಬ್ಬರ್ ತಂದಿಟ್ಟುಕೊಳ್ಳಿ. ಅನ್ನ, ಪಾಯಸಕ್ಕೆ ಒಂದು, ಹುಳಿ ಸಾರಿಗೆ ಇನ್ನೊಂದು.